ಐದು ಕಂಬ ಸಾಲದು

ರಸ್ತೆಯ ಆಚೆ ದರ್ಜಿ ಅಂಗಡಿ. ಈಚೆ ಮನೆ. ಅಂಗಿಗಳಿಗೆ ಕಾಜ ಹಾಕಿ, ಗುಂಡಿ ಹೊಲಿದು ಮೂವತ್ತು ವರ್ಷವಾದ ಅಜ್ಜಿಯನ್ನು ಬೀದಿಯವರು ಕಾಜದಜ್ಜಿ ಎಂದೇ ಕರೆಯುತ್ತಾರೆ.

ಸೋಮವಾರ ಅವರು ರಸ್ತೆ ದಾಟುವಾಗ ವ್ಯಾನೊಂದು ಮೈಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಬುಟ್ಟಿಯ ಅಂಗಿಗಳು ಚೆಲ್ಲಿದವು. ವಿಷಯ ಮಗನ ಕಿವಿಗೆ ಬಿತ್ತು. ಇನ್ನು ಕೆಲಸಕ್ಕೆ ಹೋಗುವುದು ಬೇಡ ಎಂದುಬಿಟ್ಟ. ಅಜ್ಜಿ ಅರ್ಧ ಊಟಕ್ಕೇ ಎದ್ದರು.

ಸೊಸೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನೋಡಿಕೊಂಡು ದಾಟಿದಿರಾ ಎಂದಷ್ಟೇ ಕೇಳಿದಳು.

“ನೋಡದೆ ದಾಟ್ತೀನಾ? ರಸ್ತೆ ಖಾಲಿ ಇತ್ತು. ಎಲ್ಲಿಂದ ಉದುರಿತೋ ಅದು.”

ಸೊಸೆ ಅಂಗಳದಲ್ಲಿ ಎಂಟು ಮೀಟರಿಗೆ ಎರಡು ಗೆರೆ ಎಳೆದಳು. ರಸ್ತೆಯ ಅಗಲ ಅಷ್ಟೇ. ತಾನು ಗಡಿಯಾರ ಹಿಡಿದು, ಅತ್ತೆಗೆ ನಡೆಯಲು ಹೇಳಿದಳು. ಅಜ್ಜಿ ಬಿರಬಿರನೆ ನಡೆದರು.

“ಮಾರ್ಕ್ಸಿಗೋಸ್ಕರ ನಡೀಬೇಡಿ ಅತ್ತೆ. ಬುಟ್ಟಿ ಹಿಡ್ಕೊಂಡು ದಿನಾ ನಡೆಯೋ ಹಾಗೆ ನಡೀರಿ.”

ಈ ಸಲ ಹನ್ನೆರಡು ಸೆಕೆಂಡು.

ಸೊಸೆ ಲೆಕ್ಕ ಬಿಡಿಸಿದಳು. ವೇಗವನ್ನು ಸಮಯದಿಂದ ಗುಣಿಸಿದರೆ ದೂರ. ಇಲ್ಲಿ ಗಾಡಿಗಳು ಗಂಟೆಗೆ ಅರವತ್ತು ಕಿಲೋಮೀಟರ್ ಓಡುತ್ತವೆ, ಅಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಹನ್ನೆರಡು ಸೆಕೆಂಡಿಗೆ ಇನ್ನೂರು ಮೀಟರ್. ದೀಪದ ಕಂಬಗಳ ನಡುವೆ ಇಪ್ಪತ್ತೈದು ಮೀಟರ್. ಹಾಗಾಗಿ ಎಂಟು ಕಂಬದಷ್ಟು ದೂರ ಖಾಲಿ ಇರಬೇಕು.

“ಬಾಗಿಲಲ್ಲಿ ನಿಂತ್ರೆ ಎಷ್ಟು ಕಂಬ ಕಾಣ್ತವೆ?”

ಅಜ್ಜಿ ಎಣಿಸಿದರು. ಐದು. ಅಲ್ಲಿಂದಾಚೆ ರಸ್ತೆ ತಿರುಗಿತ್ತು.

“ಹಾಗಾದ್ರೆ ನನ್ನ ಕಣ್ಣಿನ ತಪ್ಪಲ್ಲ,” ಎಂದರು.

“ಅಲ್ಲ ಅತ್ತೆ. ಮಂಡಿ ಗಟ್ಟಿ ಇದ್ದಾಗ ಆರು ಸೆಕೆಂಡಿಗೆ ದಾಟ್ತಿದ್ರಿ. ಆಗ ಐದು ಕಂಬ ಸಾಕಿತ್ತು.”

ಮಗನೂ ಸೇರಿ ಮೂವರೂ ಅದೇ ರಸ್ತೆಯ ನೀರಿನ ಟ್ಯಾಂಕಿನವರೆಗೆ ನಡೆದರು. ಅಲ್ಲಿ ರಸ್ತೆ ನೇರ. ಎರಡೂ ಕಡೆ ಹನ್ನೆರಡು ಕಂಬ ಕಾಣುತ್ತವೆ. ಮಗ ತಾನೇ ಎರಡೆರಡು ಸಲ ಎಣಿಸಿದ. ನಡಿಗೆ ಎಂಟು ನಿಮಿಷ ಹೆಚ್ಚು.

“ಇಲ್ಲಿಂದಾದ್ರೆ ಹೋಗಮ್ಮ,” ಎಂದ.

“ಹೋಗ್ತೀನಿ. ನಿನ್ನ ಅಪ್ಪಣೆಗೆ ಕಾಯ್ತಾ ಇದ್ದೆ ನೋಡು.”

ಓದುಗರೇ, ನಿಮ್ಮ ಮನೆಯ ಹಿರಿಯರಿಗೆ ರಸ್ತೆ ದಾಟಲು ಎಷ್ಟು ಸೆಕೆಂಡು ಬೇಕು? ಇಂದೇ ಅಂಗಳದಲ್ಲಿ ಅಳೆಯಿರಿ. ಅರವತ್ತರ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್ ಬರುತ್ತದೆ, ಅಳೆದ ಸೆಕೆಂಡುಗಳನ್ನು ಅದರಿಂದ ಗುಣಿಸಿ. ಅದಕ್ಕಿಂತ ಹೆಚ್ಚು ದೂರ ಎರಡೂ ಕಡೆ ಕಾಣುವ ಜಾಗ ಹುಡುಕಿಕೊಡಿ. ಅವರನ್ನು ಮನೆಯಲ್ಲಿ ಕೂರಿಸುವ ಮಾತು ಆಮೇಲೆ.