ಹಿಂದಕ್ಕೆ ವಾಲಿಸಿ ಹಿಡಿಯಲು ಒಬ್ಬರು

ತಂಗಿ ಮದುವೆಯಾಗಿ ಹೋದ ಮೇಲೆ ಅಕ್ಕನಿಗೆ ಅಡುಗೆಯ ಅಳತೆಯೇ ತಪ್ಪಿತು. ಅಕ್ಕ ದರ್ಜಿ, ಮನೆಯಲ್ಲೇ ಹೊಲಿಗೆ. ತಂಗಿ ಅಂಚೆ ಕಚೇರಿಯವಳು, ವಯಸ್ಸು ಐವತ್ತೆರಡು. ಪಕ್ಕದ ಕಿಟಕಿಯಲ್ಲಿ ಕೂರುತ್ತಿದ್ದ, ಹೆಂಡತಿಯನ್ನು ಕಳೆದುಕೊಂಡ ಗುಮಾಸ್ತ ಕೇಳಿದ, ಇವಳು ಹೂಂ ಅಂದಳು, ಅಷ್ಟೇ. ಮದುವೆಯ ದಿನ ಅಕ್ಕ, "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?" ಎಂದುಬಿಟ್ಟಿದ್ದಳು. "ನಿನಗೆ ಯಾರಿದಾರೆ ಅಂತಾನೇ ನನಗೆ ಯೋಚನೆ," ಎಂದು ತಂಗಿ ಅಂದಿದ್ದಕ್ಕೆ, "ನನಗೆ ಯಾರೂ ಬೇಡ," ಎಂದೂ ಹೇಳಿದ್ದಳು.

ಮೂವತ್ತು ವರ್ಷ ಇಬ್ಬರಿಗೆಂದು ಪಳಗಿದ ಕೈ ಒಬ್ಬರಿಗೆಂದು ಬೇಳೆ ಹಾಕಲು ಒಪ್ಪುತ್ತಿರಲಿಲ್ಲ. ಮಿಕ್ಕಿದ್ದನ್ನು ಮರುದಿನ ಉಂಡು, ಅದರ ಮರುದಿನವೂ ಉಂಡು, ಕೊನೆಗೆ ಚೆಲ್ಲಬೇಕಾಗುತ್ತಿತ್ತು. ಹಾಗಾಗಿ ಒಂದು ಫ್ರೀಜರ್ ತರಿಸಿದಳು. ಬಿಳಿ ಬಣ್ಣದ್ದು, ಅವಳ ಭುಜದೆತ್ತರಕ್ಕೆ ಬರುವಂಥದ್ದು.

ಹೊತ್ತು ತಂದವರು ಅದನ್ನು ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿದರು. "ನಾಲ್ಕು ಗಂಟೆ ಹಾಗೇ ಬಿಡಿ, ಆಮೇಲೆ ಸ್ವಿಚ್ ಹಾಕಿ. ಮಟ್ಟ ನೀವೇ ನೋಡ್ಕೊಳ್ಳಿ, ಪುಸ್ತಕದಲ್ಲಿದೆ," ಎಂದು ಕಾಲಿಗೆ ಬುದ್ಧಿ ಹೇಳಿದರು.

ಮಧ್ಯಾಹ್ನ ಸ್ವಿಚ್ ಹಾಕಿದ್ದೇ ತಡ, ಫ್ರೀಜರ್ ಚಳಿಜ್ವರ ಬಂದವರಂತೆ ನಡುಗತೊಡಗಿತು. ಬಾಗಿಲು ಮುಚ್ಚಿದರೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಮೇಲೊಂದು ನೂಲಿನ ಉರುಳೆ ಇಟ್ಟು ನೋಡಿದಳು. ಅದು ಉರುಳುತ್ತ ಮುಂದಕ್ಕೆ ಬಂದು, ಎಡಮೂಲೆಯಿಂದ ಕೆಳಗೆ ಬಿತ್ತು. ತೊಳೆದ ನೀರು ಹರಿದುಹೋಗಲೆಂದು ಆ ನೆಲವನ್ನು ಇಳಿಜಾರಾಗಿ ಹಾಕಿದ್ದರು. ಇಷ್ಟು ವರ್ಷ ಅದರ ಮೇಲೆ ಓಡಾಡಿದರೂ ಅವಳಿಗೆ ತಿಳಿದಿರಲಿಲ್ಲ.

ಪುಸ್ತಕದಲ್ಲಿ ಚಿತ್ರವಿತ್ತು. ಒಬ್ಬ ಫ್ರೀಜರನ್ನು ತುಸು ಹಿಂದಕ್ಕೆ ವಾಲಿಸಿ ಹಿಡಿದಿದ್ದ. ಇನ್ನೊಬ್ಬ ಮಂಡಿಯೂರಿ ಮುಂದಿನ ಕಾಲನ್ನು ತಿರುಗಿಸುತ್ತಿದ್ದ. ಕಾಲು ತಿರುಗಿಸಿದಷ್ಟೂ ಉದ್ದವಾಗುತ್ತದೆ, ಮುಂಭಾಗ ಒಂದು ಕೂದಲೆಳೆಯಷ್ಟು ಎತ್ತರವಿದ್ದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದಿತ್ತು. ಅದರ ಕೆಳಗೆ: ಈ ಕೆಲಸಕ್ಕೆ ಇಬ್ಬರು ಬೇಕು.

ಅವಳು ಆ ಸಾಲನ್ನು ಎರಡು ಸಲ ಓದಿದಳು.

ಭುಜ ಕೊಟ್ಟು ಹಿಂದಕ್ಕೆ ತಳ್ಳಿ, ಹಾಗೇ ಬಗ್ಗಿ ಕಾಲು ಹಿಡಿಯಲು ನೋಡಿದಳು. ಅವಳ ಕೈಯೇನು ಆನೆಯ ಸೊಂಡಿಲೇ, ಅಲ್ಲಿಗೆ ಮುಟ್ಟಲು? ಬಟ್ಟೆ ಅಳೆಯುವ ಗಜಕೋಲನ್ನು ಅಡಿಗೆ ತೂರಿಸಿ ಮೀಟಿದಳು. ಕೋಲು ಲಟಕ್ಕನೆ ಮುರಿಯಿತು. ಅವಳು ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿನ ನಂತರ ಫೋನ್ ತೆಗೆದುಕೊಂಡು ತಂಗಿಗೆ ಮಾಡಿದಳು.

"ಏನಕ್ಕ, ಈ ಹೊತ್ನಲ್ಲಿ? ಹುಷಾರಾಗಿದೀಯಾ?"

"ಹುಷಾರಾಗೇ ಇದೀನಿ. ಸುಮ್ನೆ ಮಾಡ್ದೆ."

"ಅದೇನು ಗಡಗಡ ಅಂತಿದೆ?"

"ಹೊಲಿಗೆ ಮಿಷನ್ನು," ಎಂದಳು ಅಕ್ಕ. ಯಾರೂ ಬೇಡ ಎಂದ ಬಾಯಲ್ಲಿ ಬಾ ಎನ್ನುವ ಮಾತು ಹೊರಡಲಿಲ್ಲ.

ಕೊನೆಗೆ ಮೆಟ್ಟಿಲಿಳಿದು ಕೆಳಮನೆಯ ಬಾಗಿಲು ತಟ್ಟಿದಳು. ಅಲ್ಲಿದ್ದವನು ಬಸ್ ಡ್ರೈವರ್. ಅಂದು ಅವನಿಗೆ ರಜೆ, ಬನಿಯನ್ನಿನಲ್ಲೇ ಬಾಗಿಲು ತೆರೆದ.

"ಒಂದು ಕೆಲಸಕ್ಕೆ ಸ್ವಲ್ಪ ಕೈ ಕೊಡ್ತೀರಾ?"

"ಕೈ ಹಾಕ್ತೀನಿ ಅಕ್ಕ, ಕೈ ಕೊಡಲ್ಲ," ಎಂದು ಅವನು ನಕ್ಕ. ಸ್ಪ್ಯಾನರ್ ಹುಡುಕಿಕೊಂಡು ಬಂದು ಮೆಟ್ಟಿಲು ಹತ್ತುತ್ತ, "ಅಂದ್ಹಾಗೆ ನೀವು ಮದುವೆಯಾದೋರಾ, ಇಲ್ಲೇ ಇರೋರಾ?" ಎಂದು ಕೇಳಿದ.

"ಇಲ್ಲೇ ಇರೋಳು."

"ಬೇಜಾರ್ ಮಾಡ್ಕೋಬೇಡಿ. ಹನ್ನೊಂದು ವರ್ಷದಿಂದ ಇಬ್ರನ್ನೂ ಒಟ್ಟಿಗೇ ನೋಡಿದ್ದು. ಒಬ್ರೇ ಬಂದ್ರೆ ಯಾರು ಅಂತ ಗುರ್ತು ಸಿಗಲ್ಲ."

ಬೇಜಾರಿಲ್ಲ ಎಂದಳು. ಇತ್ತು.

ಅವನು ಎರಡೂ ಕೈಯಿಂದ ಫ್ರೀಜರನ್ನು ವಾಲಿಸಿ ಹಿಡಿದ. ಅವಳು ಮಂಡಿಯೂರಿ ಎಡಗಾಲನ್ನು ಮೂರು ಸುತ್ತು, ಬಲಗಾಲನ್ನು ಎರಡು ಸುತ್ತು ತಿರುಗಿಸಿದಳು. ಇಳಿಸಿ ನೋಡಿದರೆ ಇನ್ನೂ ನಡುಗುತ್ತಿತ್ತು. ಮತ್ತೆ ವಾಲಿಸಿದ. "ಭಾರ ಆಯ್ತಾ?" ಎಂದು ಕೇಳಿದಳು. "ಬಸ್ಸಿಗಿಂತ ಹಗುರ, ನೀವು ನಿಧಾನಕ್ಕೆ ಮಾಡಿ," ಎಂದ. ಎಡಕ್ಕೆ ಇನ್ನೊಂದು ಅರ್ಧ ಸುತ್ತು. ಇಳಿಸಿದಾಗ ಗಡಗಡ ನಿಂತಿತು. ಅವನು ಬಾಗಿಲನ್ನು ಅರ್ಧ ತೆರೆದು ಬಿಟ್ಟ. ಅದು ಅವಸರವಿಲ್ಲದೆ ಬಂದು ಮುಚ್ಚಿಕೊಂಡಿತು.

"ಕೂತ್ಕೊಳ್ಳಿ, ಕಾಫಿ ಮಾಡ್ತೀನಿ."

"ಅಯ್ಯೋ ಬೇಡ, ಮನೇಲಿ ತಟ್ಟೆ ಮುಂದೆ ಕಾಯ್ತಾ ಇದಾರೆ."

ಅವನು ಇಳಿದುಹೋದ. ಕೆಳಗಿನಿಂದ ಮಕ್ಕಳ ಗಲಾಟೆ, ಅವನ ಹೆಂಡತಿಯ ನಗು ಕೇಳಿಸಿತು. ಆ ಗಡಗಡ ಇದ್ದಾಗ ಇದೊಂದೂ ಕೇಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ತಂಗಿಯೇ ಫೋನ್ ಮಾಡಿದಳು. "ನಿನ್ನೆ ಅದು ಮಿಷನ್ ಅಲ್ಲ ಅಕ್ಕ. ನಿನ್ನ ಮಿಷನ್ ಸದ್ದು ನನಗೆ ಗೊತ್ತಿಲ್ವಾ?"

ಅಕ್ಕ ನಡೆದದ್ದನ್ನು ಹೇಳಿದಳು.

"ನನ್ನನ್ನ ಕರೀಬಾರದಿತ್ತಾ?"

"ಎರಡು ಬಸ್ ಬದಲಾಯಿಸ್ಕೊಂಡು ಬರಬೇಕು ನೀನು."

"ಬರ್ತಿದ್ದೆ." ತಂಗಿ ದನಿ ತಗ್ಗಿಸಿದಳು. "ಇಲ್ಲಿ ಊಟದ ಹೊತ್ತಿಗೆ ಇವ್ರು ರೇಡಿಯೋ ಹಾಕಿಡ್ತಾರೆ ಅಕ್ಕ. ಮುಗಿಯೋವರೆಗೂ ಮಾತಿಲ್ಲ. ಮನುಷ್ಯ ಒಳ್ಳೇವ್ರೇ. ಒಬ್ರೇ ಇದ್ದು ಇದ್ದು ಅಭ್ಯಾಸ ಆಗಿದೆ, ಅಷ್ಟೇ."

ವಾಪಸ್ ಬಂದುಬಿಡು ಎನ್ನುವ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, "ಮದುವೆ ದಿನ ಆಡಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ," ಎಂದಳು.

"ಇಟ್ಕೊಂಡಿಲ್ಲ," ಎಂದಳು ತಂಗಿ. ಉತ್ತರ ಎಷ್ಟು ಬೇಗ ಬಂತೆಂದರೆ, ಇಟ್ಟುಕೊಂಡಿದ್ದಾಳೆಂದು ಅಕ್ಕನಿಗೆ ಗೊತ್ತಾಯಿತು. ಅಷ್ಟರಲ್ಲಿ ಆ ಕಡೆ ಅವಳ ಗಂಡ ಕರೆದ. ತಂಗಿ "ಬಂದೆ" ಎಂದು ಅತ್ತ ತಿರುಗಿ ಹೇಳಿ ಫೋನ್ ಇಟ್ಟಳು.

ಅಕ್ಕ ಮುಂದಿನ ಕೋಣೆಗೆ ಹೋಗಿ ಮಿಷನ್ನಿನ ಮುಂದೆ ಕೂತಳು. ಶಾಲೆಯ ಹನ್ನೊಂದು ಅಂಗಿಗಳಿಗೆ ಇನ್ನೂ ಕಾಲರ್ ಕೂಡಿಸಬೇಕಿತ್ತು. ಹಿಂದಿನಿಂದ ಫ್ರೀಜರಿನ ಸಣ್ಣ ಗುಂಯ್ ಎನ್ನುವ ಸದ್ದು ಒಂದೇ ಸಮ ಬರುತ್ತಿತ್ತು. ಅವಳು ಮೊದಲ ಅಂಗಿಯನ್ನು ಎಳೆದುಕೊಂಡಳು.