ಭಾರದ ಮೇಲೆ ಬಿಗಿಯಬೇಕು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಕ್ಕ ಹೇಳುತ್ತಾಳೆ. ಇರಬಹುದು. ಹಳೇ ಕಾರುಗಳ ಅಡಿಯಲ್ಲೇ ಆಯುಷ್ಯ ಕಳೆದವನಿಗೆ ಕೋಪ ಬರದೆ ಇನ್ನೇನು ಬರುತ್ತದೆ? ಹೊಸ ಕಾರು ಕೆಟ್ಟರೆ, ಇಂಥದ್ದು ಕೆಟ್ಟಿದೆ ಎಂದು ತಾನೇ ದೀಪ ಹಚ್ಚಿ ತೋರಿಸುತ್ತದೆ. ಹಳೇ ಕಾರು ಹಾಗಲ್ಲ. ಮುನಿಸಿಕೊಂಡ ಅತ್ತೆಯ ಹಾಗೆ ಗೊಣಗುತ್ತಿರುತ್ತದೆ, ಯಾಕೆಂದು ನಾವೇ ಹುಡುಕಿಕೊಳ್ಳಬೇಕು. ಮುಂದಿನ ಚಕ್ರಗಳ ಕಡೆಯಿಂದ ಬರುವ ಸದ್ದಂತೂ ಮಹಾ ಕಳ್ಳ, ಎಡಗಡೆ ಹುಟ್ಟಿ ಬಲಗಡೆ ಕೇಳಿಸುತ್ತದೆ.

ಕನ್ನಡಕದ ಮೇಡಂ ಕಾರಿನಲ್ಲಿದ್ದದ್ದು ಅಂಥದೇ ಸದ್ದು. ಅವರು ಮಾರ್ಕೆಟ್ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ನನ್ನ ಮೂಗಿನ ಮೇಲಿರುವುದೂ ಅವರು ಕೊಟ್ಟ ಕನ್ನಡಕವೇ. ಕತ್ತಲೆ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತಿದ್ದರು. ನನಗೆ ಎರಡೂ ಚೆನ್ನಾಗಿಯೇ ಕಂಡವು. ಕೇಳುತ್ತಿದ್ದವರು ಅದಕ್ಕಿಂತ ಚೆನ್ನಾಗಿ ಕಂಡರು. ನಾನು ಕೆಟ್ಟದ್ದು ಅಲ್ಲೇ.

ಈ ವಯಸ್ಸಿನಲ್ಲಿ ಇದೇನು ಕರ್ಮ ಎಂದು ನನ್ನನ್ನೇ ಬೈದುಕೊಂಡೆ. ತಲೆ ನರೆತಿದೆ, ಮದುವೆಯಾಗದೆ ಉಳಿದಿದ್ದೇನೆ, ಉಗುರಿನ ಸಂದಿಯ ಗ್ರೀಸು ಯಾವ ಸೋಪಿಗೂ ಬಗ್ಗುವುದಿಲ್ಲ. ಅವರ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಬಾಡಿಗೆ ಮನೆ, ಒಂಟಿ ಜೀವ. ನಡುವೆ ಅಡ್ಡ ಬರುವವರು ಯಾರೂ ಇರಲಿಲ್ಲ, ನನ್ನ ಹಾಳು ನಾಲಿಗೆಯೊಂದನ್ನು ಬಿಟ್ಟರೆ. ಗಿರಾಕಿಗಳನ್ನು ಬೈಯುವಾಗ ಕತ್ತರಿಯ ಹಾಗೆ ಓಡುವ ನಾಲಿಗೆ ಅವರ ಮುಂದೆ ಮಾತ್ರ ಸತ್ತು ಬೀಳುತ್ತಿತ್ತು.

ಅವರ ಕಾರು ಅವರ ತಂದೆಯ ಕಾಲದ್ದು. ಮುಂಭಾಗದಲ್ಲಿ ಲಟಲಟ ಎನ್ನುತ್ತಿದೆ ಎಂದು ತಂದಾಗ ನೋಡಿದೆ. ಎರಡೂ ಕಡೆಯ ಲೋವರ್ ಆರ್ಮಿನ ರಬ್ಬರ್ ಬುಷ್‌ಗಳು ಹರಿದುಹೋಗಿದ್ದವು. ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ತೋಳು ಅದು, ತೋಳಿನ ಕೀಲಿನಲ್ಲಿ ಕೂರುವುದು ಈ ಬುಷ್. ಕಾರನ್ನು ಲಿಫ್ಟಿಗೆ ಏರಿಸಿ ಹೊಸ ಬುಷ್ ಹಾಕಿದೆ. ಕೆಲಸ ಇನ್ನೂ ಮುಗಿದಿರಲಿಲ್ಲ, ಅವರು ಬಂದುಬಿಟ್ಟರು. ಬಾಗಿಲ ಬಳಿ ನಿಂತು ನಾನು ಬೋಲ್ಟು ಬಿಗಿಯುವುದನ್ನೇ ನೋಡುತ್ತಿದ್ದರು. ನೋಡುತ್ತಿದ್ದಾರೆ ಎಂಬ ಸಂಭ್ರಮಕ್ಕೆ ನಾನು ಸ್ಪ್ಯಾನರನ್ನು ಪೈಲ್ವಾನನ ಹಾಗೆ ತಿರುಗಿಸಿದೆ.

ಕೆಲವೇ ದಿನಗಳಲ್ಲಿ ಅವರು ವಾಪಸ್ಸು ಬಂದರು. "ಮೇಸ್ತ್ರಿ, ಲಟಲಟ ಹೋಯ್ತು. ಈಗ ಕಿರ್ರ್ ಅಂತಿದೆ."

ಪಕ್ಕದ ಸೀಟಿನಲ್ಲಿ ಕೂತು ಹೋದೆ. ನಿಜವೇ. ಹಂಪಿನ ಮೇಲೆ ನಿಧಾನ ಹತ್ತಿ ಇಳಿದರೆ ಹಳೇ ಮಂಚದ ಹಾಗೆ ಕಿರುಗುಟ್ಟುತ್ತಿತ್ತು. ಜೋರಾಗಿ ಹೋದರೆ ಇಲ್ಲ. ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಕಡಿಮೆ. ಅವರು ಸ್ಟಿಯರಿಂಗ್ ತಿರುಗಿಸುತ್ತಾ, "ಈಗ ಜಾಸ್ತಿನಾ, ಈಗಾ?" ಎಂದು ಕೇಳುತ್ತಿದ್ದರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂಬುದು ಅವರ ಕಸುಬಿನಲ್ಲೂ ಇದೆ, ನನ್ನದರಲ್ಲೂ ಇದೆ. ಹಾಗಾಗಿ ಲಿಂಕ್ ರಾಡ್ ಬದಲಿಸಿದೆ, ಹೋಗಲಿಲ್ಲ. ಬಾಲ್ ಜಾಯಿಂಟ್ ಬದಲಿಸಿದೆ, ಹೋಗಲಿಲ್ಲ. ಶಾಕ್ ಅಬ್ಸಾರ್ಬರಿನ ತಲೆಯ ಬೇರಿಂಗ್ ಬದಲಿಸಿದೆ, ಸದ್ದು ಇನ್ನೂ ಹುರುಪಿನಿಂದ ಬಂತು.

ಅವರು ವಾರ ವಾರ ಬರತೊಡಗಿದರು. ನಾವು ಅದೇ ಬೀದಿಗಳನ್ನು ಸುತ್ತಿದೆವು. ಬೇಕರಿಯ ಮುಂದಿನ ಹಂಪು, ಆಸ್ಪತ್ರೆಯ ತಿರುವು, ನೀರಿನ ಟ್ಯಾಂಕಿನ ಇಳಿಜಾರು. ಸದ್ದು ಚೆನ್ನಾಗಿ ಕೇಳಲಿ ಎಂದು ಇಬ್ಬರೂ ಮಾತು ನಿಲ್ಲಿಸಿ ಕಿವಿ ಕೊಡುತ್ತಿದ್ದೆವು. ಅವರ ಕೈ ಗೇರಿನ ಮೇಲಿರುತ್ತಿತ್ತು, ನನ್ನದು ನನ್ನ ಮೊಣಕಾಲಿನ ಮೇಲೆ. ಅಷ್ಟು ಹತ್ತಿರ. ಈಗ ಹೇಳು, ಈಗ ಹೇಳು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಬಾಯಿ ತೆರೆದರೆ ಬರುತ್ತಿದ್ದದ್ದು, "ಎಡಗಡೆ ಅನ್ಸುತ್ತೆ ಮೇಡಂ."

ಅವರು ಹೋದ ಮೇಲೆ ಗ್ಯಾರೇಜು ಹಾಳು ಬಿದ್ದ ಹಾಗಿರುತ್ತಿತ್ತು. ಬೇರೆ ಕಾರುಗಳ ಕೆಲಸ ಮಾಡುತ್ತಿದ್ದೆ, ಜೀವ ಮಾತ್ರ ರಸ್ತೆಯ ಕಡೆ. ದೂರದಲ್ಲಿ ಯಾವ ಕಾರು ಕಿರುಗುಟ್ಟಿದರೂ ಅವರದೇ ಎಂದು ತಲೆ ಎತ್ತಿ, ಅಲ್ಲ ಎಂದು ತಿಳಿದ ಮೇಲೆ ಆ ಬಡಪಾಯಿ ಡ್ರೈವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಒಂದು ದಿನ ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಅವರೇ ಹೇಳಿದರು. "ನಮ್ಮ ಅಂಗಡಿಯವರು ಇನ್ನೊಂದು ಊರಲ್ಲೂ ಅಂಗಡಿ ಶುರು ಮಾಡ್ತಿದಾರೆ. ನೀವೇ ನೋಡ್ಕೊಳ್ಳಿ ಅಂತಿದಾರೆ. ದೂರದ ಊರು, ಬೆಳಿಗ್ಗೆ ಹೊರಟರೆ ಸಾಯಂಕಾಲ ಆಗುತ್ತೆ. ಕಾರು ಸರಿಯಾದ್ರೆ ಈ ತಿಂಗಳೇ ಹೊರಡೋದು."

ಅಷ್ಟು ಹೇಳಿ ನನ್ನ ಕಡೆ ತಿರುಗಿ ನೋಡಿದರು. ಹೋಗಬೇಡಿ ಎನ್ನಬೇಕಿತ್ತು. "ಅಷ್ಟು ದೂರಕ್ಕೆ ಟೈರೂ ನೋಡ್ಬೇಕು" ಎಂದೆ. ಅವರು ಮತ್ತೆ ರಸ್ತೆ ನೋಡಿದರು.

ಆ ವಾರ ಕಾರನ್ನು ನನ್ನಲ್ಲೇ ಬಿಟ್ಟು ಹೋದರು. ನಾನು ಅದನ್ನು ಗ್ಯಾರೇಜಿನ ನೆಲದಲ್ಲಿ ತೋಡಿದ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದೆ. ಸೋಪಿನ ನೀರು ಮಾಡಿ, ಒಂದೊಂದೇ ಕೀಲಿಗೆ ಸುರಿದು, ಹಿಂದಿನ ಮನೆಯಿಂದ ಅಕ್ಕನನ್ನು ಕರೆದು ಬಾನೆಟ್ ಒತ್ತಿಸಿದೆ. ಕಿರ್ರ್. ಇನ್ನೊಂದಕ್ಕೆ ಸುರಿದೆ. ಕಿರ್ರ್. ಕೊನೆಗೆ ನಾನೇ ಹಾಕಿದ ಹೊಸ ಬುಷ್ ಮೇಲೆ ಸುರಿದೆ. ಸದ್ದು ನಿಂತಿತು. ದೀಪ ಹಿಡಿದು ನೋಡಿದರೆ ರಬ್ಬರು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಕೂತಿತ್ತು.

ಆ ಗುಂಡಿಯಲ್ಲೇ ನನ್ನ ಮೇಲೆ ಮಣ್ಣು ಎಳೆದುಬಿಡಿ ಎನ್ನಿಸಿತು. ಈ ಬುಷ್ಷಿನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿಯಬಾರದು. ಕಾರನ್ನು ನೆಲಕ್ಕಿಳಿಸಿ, ಅದರ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ಭಾರ ಬಿದ್ದೊಡನೆ ರಬ್ಬರು ತಿರುಚಿಕೊಂಡು ಅಳತೊಡಗುತ್ತದೆ. ನನ್ನ ಬಳಿ ಕೆಲಸ ಕಲಿತು ಹೋದವರಿಗೆಲ್ಲ ನಾನು ಮೊದಲು ಹೇಳಿದ್ದು ಇದನ್ನೇ, ಕೆಲವರಿಗೆ ತಲೆಗೆ ಮೊಟಕಿ ಹೇಳಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಬಾಗಿಲಲ್ಲಿ ನಿಂತವರನ್ನು ಮೆಚ್ಚಿಸಲು ಹೋಗಿ ಗಾಳಿಯಲ್ಲೇ ಬಿಗಿದಿದ್ದೆ. ಬೇರೆಲ್ಲವನ್ನೂ ಅನುಮಾನಿಸಿದವನು ನನ್ನ ಕೈಯನ್ನು ಮಾತ್ರ ಅನುಮಾನಿಸಿರಲಿಲ್ಲ.

"ಸಿಕ್ತಾ?" ಅಕ್ಕ ಮೇಲಿಂದ ಕೇಳಿದಳು.

"ಸಿಕ್ತು."

"ಮತ್ಯಾಕೆ ಹೆಣ ಕಂಡವನ ಹಾಗೆ ನಿಂತಿದೀಯ? ಸರಿ ಮಾಡು."

"ಮಾಡಿದ್ರೆ ಹೋಗಿಬಿಡ್ತಾರೆ ಕಣೇ."

ಅಕ್ಕ ಬಗ್ಗಿ ನೋಡಿದಳು. ನನ್ನ ಹುಟ್ಟಿನಿಂದ ನನ್ನನ್ನು ಗೇಲಿ ಮಾಡುತ್ತಾ ಬಂದವಳು ಆಗ ಮಾತ್ರ ನಗಲಿಲ್ಲ. "ಲೋ, ಕಾರು ಕೆಡಿಸಿಟ್ಟು ಯಾರನ್ನಾದ್ರೂ ಉಳಿಸ್ಕೊಳ್ಳೋಕೆ ಆಗುತ್ತಾ? ಅಷ್ಟು ದೂರ ಒಬ್ಬಳೇ ಹೋಗೋ ಹೆಂಗಸು. ಮೊದಲು ಅದನ್ನ ಬಿಗಿ. ಆಮೇಲೆ ಬಾಯಿ ಬಿಡು."

ಕಾರು ಕೊಡುವಾಗಲೇ ಬೋಲ್ಟು ಸಡಿಲಿಸಿ ಮತ್ತೆ ಬಿಗಿಯಬಹುದಿತ್ತು. ಆದರೆ ಒಂದು ನೆಪ ಸಿಕ್ಕಿತು, ಅದೂ ಸುಳ್ಳಲ್ಲ. ದೂರದ ದಾರಿಗೆ ಎಷ್ಟು ಭಾರ ಹೊರುತ್ತದೋ ಅಷ್ಟೇ ಭಾರದಲ್ಲಿ ಬಿಗಿದರೆ ಒಳ್ಳೆಯದು, ಸಾಮಾನು ತುಂಬಿಕೊಂಡು ಹೊರಡುವ ದಿನ ಬನ್ನಿ ಎಂದು ಕಾರನ್ನು ಕಳಿಸಿಕೊಟ್ಟೆ. ಇನ್ನೊಂದು ಸಲ ನೋಡಬಹುದಲ್ಲ ಎಂಬ ಆಸೆ.

ಹೊರಡುವ ಬೆಳಿಗ್ಗೆ ಬಂದರು. ಹಿಂದಿನ ಸೀಟಿನಲ್ಲಿ ಹಾಸಿಗೆ, ಪಾತ್ರೆಯ ಡಬ್ಬ, ಬಟ್ಟೆಯಲ್ಲಿ ಸುತ್ತಿದ ಕನ್ನಡಿ. ಒಂದು ಸಂಸಾರ ಇಷ್ಟರಲ್ಲೇ ಹಿಡಿಯಿತೇ ಎನ್ನಿಸಿತು. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, "ನೀವು ಇಳೀಬೇಡಿ ಮೇಡಂ, ನಿಮ್ಮ ಭಾರವೂ ಬೇಕು" ಎಂದೆ.

"ಮೇಸ್ತ್ರಿ, ಹೆಂಗಸರಿಗೆ ಹಾಗೆಲ್ಲ ಹೇಳ್ಬಾರ್ದು" ಎಂದು ನಕ್ಕರು.

ನಾನು ಕೆಳಗಿಳಿದು ಬೋಲ್ಟು ಸಡಿಲಿಸಿದೆ. ತಿರುಚಿಕೊಂಡಿದ್ದ ರಬ್ಬರು ಟಕ್ಕೆಂದು ತನ್ನ ಜಾಗಕ್ಕೆ ಬಂತು. ಮೇಲೆ ಅವರು ಕೂತಿದ್ದರು. ನಮ್ಮಿಬ್ಬರ ನಡುವೆ ಒಂದು ತಗಡು, ಅಷ್ಟೇ. ಮುಖ ಕಾಣದಿದ್ದರೆ ಮಾತು ಸುಲಭ ಎಂದುಕೊಂಡಿದ್ದೆ.

"ಮೇಡಂ, ತಪ್ಪು ಕಾರಿನದಲ್ಲ" ಎಂದೆ. "ನಾನೇ ಗಾಳಿಯಲ್ಲಿ ಬಿಗಿದುಬಿಟ್ಟಿದ್ದೆ. ಅವತ್ತು ನೀವು ಬಾಗಿಲಲ್ಲಿ ನಿಂತಿದ್ರಿ."

"ಗೊತ್ತು" ಎಂದರು ಮೇಲಿನಿಂದ.

"ಗೊತ್ತಾ?"

"ಸೇತುವೆ ಹತ್ತಿರದ ಗ್ಯಾರೇಜಿನವರು ಇದಾರಲ್ಲ, ರೇಡಿಯೋ."

ರೇಡಿಯೋ ಎಂದರೆ ನನ್ನ ಹಳೇ ಶತ್ರು. ಬಾಯಿ ಮುಚ್ಚುವುದೇ ಇಲ್ಲವೆಂದು ಊರು ಇಟ್ಟ ಹೆಸರು.

"ಅವರು ಕನ್ನಡಕಕ್ಕೆ ಬಂದಿದ್ರು. ಅಂಗಡಿ ಮುಂದೆ ಕಾರಿನ ಸದ್ದು ಕೇಳಿ, ಯಾರೋ ಗಾಳಿಯಲ್ಲಿ ಬಿಗಿದಿದಾರೆ, ತನ್ನಿ, ಈಗಲೇ ಸರಿ ಮಾಡ್ಕೊಡ್ತೀನಿ ಅಂದ್ರು. ಶುರುವಿನಲ್ಲೇ. ನೀವು ಲಿಂಕ್ ರಾಡ್ ಹಾಕೋಕೆ ಮುಂಚೆ."

ಸ್ಪ್ಯಾನರು ಕೈಯಲ್ಲೇ ನಿಂತಿತು. "ಮತ್ತೆ ಯಾಕೆ ಮಾಡಿಸ್ಕೊಳ್ಳಲಿಲ್ಲ?"

"ಅದನ್ನೂ ನಾನೇ ಬಿಡಿಸಿ ಹೇಳ್ಬೇಕಾ ಮೇಸ್ತ್ರಿ?"

ಓದುಗರೇ, ಭೂಮಿಯ ಮೇಲೆ ನನಗಿಂತ ದೊಡ್ಡ ಪೆದ್ದನಿದ್ದರೆ ತೋರಿಸಿ. ವಾರ ವಾರವೂ ನಾನು ಸದ್ದಿಗೆ ಕಿವಿ ಕೊಟ್ಟಿದ್ದೆ, ಅವರು ನನ್ನ ಮಾತಿಗೆ ಕಿವಿ ಕೊಟ್ಟಿದ್ದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಿದ್ದೆ. ಅಷ್ಟಾದರೂ ನಾನು ಹೇಳಿದ್ದು, "ಇನ್ನೊಂದು ಬೋಲ್ಟ್ ಇದೆ ಮೇಡಂ."

"ಬಿಗಿ ಮಾಡಿ" ಎಂದರು. ದನಿ ತಣ್ಣಗಿತ್ತು. "ಅಲ್ಲಿ ಮನೆ ನೋಡಿ ಆಗಿದೆ, ಅಂಗಡಿ ಕೀ ನನ್ನ ಹತ್ರಾನೇ ಇದೆ. ಹೊತ್ತಾಗುತ್ತೆ."

ಬಿಗಿದೆ. ಅಷ್ಟು ಚೆನ್ನಾಗಿ ಯಾವ ಬೋಲ್ಟನ್ನೂ ಬಿಗಿದಿರಲಿಕ್ಕಿಲ್ಲ. ಕಾರು ಗುಂಡಿ ಬಿಟ್ಟು ಬೇಕರಿಯ ಮುಂದಿನ ಹಂಪು ಹತ್ತಿ ಇಳಿಯಿತು, ಒಂದಿಷ್ಟೂ ಸದ್ದಿಲ್ಲ. ಕೈಕೆಲಸ ಗೆದ್ದರೆ ನನಗೆ ಮೀಸೆ ತಿರುವುವ ಚಟ. ಅವತ್ತು ಕೈ ಮೇಲೇಳಲಿಲ್ಲ.

ಆಮೇಲಿನ ದಿನಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅವರ ನೆನಪಾಗುತ್ತಿತ್ತು, ಅಷ್ಟೇ, ಆದರೆ ಅಷ್ಟೇ ಎನ್ನುವಷ್ಟು ಸಣ್ಣದಾಗಿರಲಿಲ್ಲ. ಬೇರೆಯವರ ಕಾರಿನಲ್ಲಿ ಆಸ್ಪತ್ರೆಯ ತಿರುವು ದಾಟುವಾಗಲೂ ಮಾತು ನಿಲ್ಲಿಸಿ ಕಿವಿ ಕೊಡುತ್ತಿದ್ದೆ. ಗಿರಾಕಿಗಳು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ಊಟಕ್ಕೆ ಕೂತರೆ ಅನ್ನ ಕಲಸಿಟ್ಟು ಮರೆಯುತ್ತಿದ್ದೆ. ಅಕ್ಕ ಬೈಯುವುದನ್ನೇ ಬಿಟ್ಟಳು, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಒಂದು ಮಧ್ಯಾಹ್ನ ಅವಳು ತಟ್ಟೆಯ ಪಕ್ಕ ಫೋನು ಇಟ್ಟಳು. "ಕೆಲಸ ಮಾಡಿಕೊಟ್ಟ ಮೇಲೆ ಹೇಗಿದೆ ಅಂತ ಕೇಳೋದು ಗ್ಯಾರೇಜಿನವನ ಧರ್ಮ" ಎಂದು ಹೇಳಿ ಹಿತ್ತಲಿಗೆ ಹೋದಳು. ಹೋದವಳು ಬಾಗಿಲ ಹಿಂದೆಯೇ ನಿಂತಳು ಎಂಬುದು ನನಗೂ ಗೊತ್ತು.

ಎಂಜಲು ಕೈ ತೊಳೆದು ಫೋನು ಮಾಡಿದೆ. ಅವರ ದನಿ ಕೇಳಿ ಎದೆ ಕಾರಿಗಿಂತ ಕೆಟ್ಟದಾಗಿ ಲಟಲಟ ಎಂದಿತು.

"ಮೇಡಂ, ಸದ್ದು ಬರ್ತಿದೆಯಾ?"

"ಇಲ್ಲ" ಎಂದರು. "ಅಲ್ಲಿಂದ ಹೊರಟ ಮೇಲೆ ಒಂದು ಸಲವೂ ಬಂದಿಲ್ಲ." ಅವರ ಹಿಂದೆ, ಕಣ್ಣು ಪರೀಕ್ಷೆಗೆ ಬಂದ ಯಾರೋ ಗೋಡೆಯ ಮೇಲಿನ ಅಕ್ಷರಗಳನ್ನು ತಡವರಿಸಿ ಓದುತ್ತಿದ್ದರು.

"ಹಾಗಾದ್ರೆ ನಾನೊಂದು ಸಲ ಅಲ್ಲಿಗೆ ಬಂದು ನೋಡ್ಬೇಕು."

"ಸದ್ದೇ ಇಲ್ಲದ ಕಾರಲ್ಲಿ ಏನು ನೋಡ್ತೀರಿ ಮೇಸ್ತ್ರಿ?"

"ಕಾರು ನೋಡೋಕೆ ಅಂತ ಯಾರು ಹೇಳಿದ್ರು?" ಎಂದೆ.

ಅಕ್ಷರ ಓದುತ್ತಿದ್ದವರು ಕೊನೆಯ ಸಾಲಿಗೆ ಬಂದು ನಿಂತರು. ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡೆ.

"ಭಾನುವಾರ ಅಂಗಡಿಗೆ ರಜೆ" ಎಂದರು.