ಹುಳುಮನೆಯ ಹೀಟರು

ಸಾತನೂರು ಕಡೆಯ ಆ ಮನೆಯಲ್ಲಿ ರೇಷ್ಮೆಹುಳು ಸಾಕುವಷ್ಟು ದಿನ ಒಗ್ಗರಣೆ ಸಿಡಿಯುವಂತಿರಲಿಲ್ಲ, ಊದಿನಕಡ್ಡಿ ಹಚ್ಚುವಂತಿರಲಿಲ್ಲ. ಅತ್ತೆ ರೇವಮ್ಮ ಬಾಗಿಲಲ್ಲೇ ನಿಂತು ಬಂದವರ ಮೈ ಮೂಸುತ್ತಿದ್ದರು. "ಸೆಂಟು ಹಾಕ್ಕಂಡು ಬಂದ್ಬುಟ್ಟವ್ಳೆ! ಅತ್ಲಾಗೇ ನಿಂತ್ಕಳವ್ವ." ಹುಳುವಿಗೆ ಹೊಗೆಯೇ ವಿಷವೆಂದು ಆ ಮನೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸೊಸೆ ಮಮತಾ ಇಪ್ಪತ್ತು ದಿನದಿಂದ ಹೊತ್ತುಹೊತ್ತಿಗೆ ಸೊಪ್ಪು ಕೊಟ್ಟು ಸಾಕಿದ್ದಳು. ಹುಳುಗಳು ಬೆರಳುದ್ದ ಬೆಳೆದಿದ್ದವು. ಇನ್ನು ಮೂರ್ನಾಲ್ಕು ದಿನಕ್ಕೆ ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರು ತಟ್ಟೆ ಏರಿ ಗೂಡು ಕಟ್ಟಬೇಕು. ಅಷ್ಟರಲ್ಲಿ ಮೋಡ ಮುಚ್ಚಿ ಶೀತಗಾಳಿ ಹಿಡಿಯಿತು. ಗಂಡ ಉದಯಶಂಕರ ಎರಡು ಹೀಟರು ತಂದು, ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿ, ಅದನ್ನು ಹುಳುಮನೆಯ ಸಣ್ಣ ಪ್ಲಗ್ಗಿಗೆ ತುರುಕಿದ. ಗಳಿಗೆಗೊಮ್ಮೆ ಬೋರ್ಡಿನ ಎಂಸಿಬಿ ಸ್ವಿಚ್ಚು ತಾನಾಗೇ ಬಿದ್ದು ಕರೆಂಟು ಹೋಗತೊಡಗಿತು.

ನೋಡಲು ಬಂದ ಎಲೆಕ್ಟ್ರಿಷಿಯನ್ ಹಬೀಬ್ ಪ್ಲಗ್ಗು ಬಿಚ್ಚಿ ತೋರಿಸಿದ. "ಅಣ್ಣಾ, ಇದು ಬಲ್ಬು, ಫ್ಯಾನಿಗೆ ಹಾಕಿರೋ ವೈರು. ಹೀಟರಿಗೆ ಮೀಟರ್ ಬೋರ್ಡಿಂದಲೇ ದಪ್ಪ ವೈರು ಎಳೀಬೇಕು, ಒಂದೊಂದಕ್ಕೂ ಬೇರೆ ಬೇರೆ ಪವರ್ ಪ್ಲಗ್ಗು. ಅರ್ಧ ದಿನ ಕರೆಂಟು ತೆಗೀತೀನಿ."

"ಅರ್ಧ ದಿನವಾ? ಹುಳ ಸೆಟ್ಕಂಡೋದ್ರೆ ನೀನ್ ಬಂದು ಗೂಡು ಕಟ್ಟೀಯೇನ್ಲಾ?"

"ನಂಗೆ ಗೂಡು ಕಟ್ಟಕ್ ಬರಾಕಿಲ್ಲಣ್ಣ. ಆದ್ರೆ ಎಂಸಿಬಿ ಬೀಳ್ತೈತಲ್ಲ, ಅದು ನಿಮ್ಮನೆ ಕಾಯ್ತೈತೆ ಅಂತ ತಿಳ್ಕಳಿ."

ಹಬೀಬ್ ಅತ್ತ ಹೋದದ್ದೇ, ಉದಯಶಂಕರ ಅಂಗಡಿಯಿಂದ ಇನ್ನೂ ದೊಡ್ಡದು, ಮೂವತ್ತೆರಡು ಆಂಪ್ಸಿನ ಎಂಸಿಬಿ ತಂದು ತಾನೇ ಕೂರಿಸಿದ. ಅದು ಬೀಳಲಿಲ್ಲ. "ನೋಡ್ದಾ, ಇಷ್ಟೇ ಕೆಲ್ಸ!"

ಮರುದಿನ ಬೆಳಗ್ಗೆ ಗೋಡೆಯ ಪ್ಲಗ್ಗು ತಾಗಿ ಮಮತಾಳ ಬೆರಳು ಚುರ್ರೆಂದಿತು. "ರೀ, ಇದು ಸುಡ್ತಾ ಐತೆ."

"ಹೀಟರು ಅಂದ್ರೆ ಸುಡ್ದೆ ತಣ್ಗಿರ್ತದಾ? ಸೊಪ್ಪು ತರೋಗು."

ಅವಳ ಕೈ ಸ್ವಿಚ್ಚಿನ ಮೇಲೇ ಇತ್ತು. ಆರಿಸಿದರೆ ಚಳಿಗೆ ಹುಳುಗಳು ಸೊಪ್ಪು ಮುಟ್ಟುವುದಿಲ್ಲ. ಆರಿಸಲಿಲ್ಲ. ಕುಡುಗೋಲು ಹಿಡಿದು ಹಿಪ್ಪುನೇರಳೆ ತೋಟಕ್ಕೆ ಹೋದಳು.

ಹೊರೆ ಹೊತ್ತು ಬರುವಾಗ ಹುಳುಮನೆಯ ಕಿಟಕಿಯಲ್ಲಿ ಕಪ್ಪು ಹೊಗೆ. ಉದಯಶಂಕರ ಮೇನ್ ಆಫ್ ಮಾಡಿ ಅಂಗಳದಲ್ಲಿ ಕೆಮ್ಮುತ್ತಿದ್ದ. ಬೆಂಕಿಯೇನೂ ಎದ್ದಿರಲಿಲ್ಲ, ಪ್ಲಗ್ಗು ಕರಗಿ, ಗೋಡೆಯುದ್ದದ ವೈರು ಸುಟ್ಟಿತ್ತು, ಅಷ್ಟೇ. ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಹಸಿರು ಕಕ್ಕುತ್ತಿದ್ದವು. ಸಂಜೆಯ ಹೊತ್ತಿಗೆ ಒಂದೂ ಮಿಸುಕಲಿಲ್ಲ.

ರೇವಮ್ಮ ಸೊಸೆಯತ್ತ ತಿರುಗಿದರು. "ಬೆಳಿಗ್ಗೆ ನೀನು ಚಟ್ನಿಗೆ ಮಿಕ್ಸಿ ಹಾಕಿದ್ದೆ ಅಲ್ವೇನಮ್ಮಿ? ಅದ್ಕೇ ಲೋಡಾಯ್ತು."

ಉದಯಶಂಕರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎರಡೇ ದಿನದಲ್ಲಿ, ಮಮತಾಳ ಒಗ್ಗರಣೆಯಿಲ್ಲದ ಚಟ್ನಿಯೇ ಹುಳು ಕೊಂದಿದ್ದೆಂದು ಕೇರಿಗೆಲ್ಲ ಗೊತ್ತಾಯಿತು.

ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಮುಚ್ಚಿದ ಮೇಲೆ ಹಬೀಬ್ ಬಂದ. ತಟ್ಟೆಗಳಿಲ್ಲದ ಕೋಣೆಯಲ್ಲಿ ಅರ್ಧ ದಿನವೂ ಬೇಕಾಗಲಿಲ್ಲ. ಎರಡು ಗಂಟೆಯಲ್ಲಿ ಹೊಸ ಲೈನು ಎಳೆದ. "ಹಾಕಿ ನೋಡಕ್ಕಾ."

ಮಮತಾ ಎರಡೂ ಹೀಟರು ಹಾಕಿದಳು. ಎಂಸಿಬಿ ಬೀಳಲಿಲ್ಲ, ಪ್ಲಗ್ಗು ಬಿಸಿಯಾಗಲಿಲ್ಲ. ಖಾಲಿ ಕೋಣೆ ನಿಧಾನಕ್ಕೆ ಬೆಚ್ಚಗಾಯಿತು.

"ಇನ್ಮೇಲೆ ನಾನು ಮಿಕ್ಸಿ ಹಾಕ್ಕಬೋದಾ ಹಬೀಬಣ್ಣ?" ಬಾಗಿಲಲ್ಲಿದ್ದ ಗಂಡನಿಗೆ ಕೇಳಲೆಂದೇ ಒಸಿ ಜೋರಾಗಿ ಕೇಳಿದಳು.

"ಯಾಕ್ ಹಾಕ್ಬಾರ್ದು? ಅಡುಗೆಮನೆದು ಮೊದಲಿಂದ್ಲೂ ಬೇರೆ ಲೈನೇ ಅಲ್ವಾ. ಅಣ್ಣಂಗೂ ಗೊತ್ತಲ್ಲ."

ಉದಯಶಂಕರ ಹುಳುಮನೆಯ ಜಗಲಿಗೆ ಹೋಗಿ ಕುಳಿತು ಬೀಡಿ ಹಚ್ಚಿದ. ಹೊಗೆ ನೇರ ಒಳಗೆ ಬಂತು. ರೇವಮ್ಮ ಅಲ್ಲೇ ಇದ್ದರು, ಬೇಡವೆನ್ನಲಿಲ್ಲ.